ಒಡೆಯನಿಲ್ಲದ ತಂತಿ

ಸತ್ತವನು ನನ್ನ ತಮ್ಮ. ಲಾಕಪ್ಪಿಗೆ ಹೋದವಳು ಅವನ ಹೆಂಡತಿ. ತಂತಿ ಹಾಕಿದವನು ಠಾಣೆಯ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ.

ಇಷ್ಟು ಹೇಳಿದರೆ ಸಾಕಾಗಬೇಕಿತ್ತು. ಬೇರೆಯವರು ಹೇಳಿದ್ದರೆ ಸಾಕಾಗುತ್ತಿತ್ತು. ನಾವು ಪಾರಧಿಗಳು, ಬೇಟೆಯ ಜಾತಿಯವರು. ನಮ್ಮ ಬಾಯಿಂದ ಬಂದ ಮಾತನ್ನು ನಂಬುವ ಪದ್ಧತಿ ಈ ತಾಲೂಕಿನಲ್ಲಿ ಇಲ್ಲ. ಅದಕ್ಕೇ ಮೊದಲಿನಿಂದ ಹೇಳುತ್ತೇನೆ. ನಂಬುವವರು ನಂಬಲಿ, ಬಿಡುವವರು ಬಿಡಲಿ.

ತಮ್ಮನ ಹೆಸರು ಗುಲಚಂದ. ಹೆಂಡತಿ ಶೇವಂತಾ. ನಾನು ವೈಜಂತಾ, ಗಂಡ ಬಿಟ್ಟ ಮೇಲೆ ತವರಿನ ಬಿಡಾರದಲ್ಲೇ ಉಳಿದವಳು. ನಿಂಬೇವಾಡಿಯ ಹೊರಗೆ ಮಾಳದ ಮೇಲೆ ನಮ್ಮ ಗುಡಾರಗಳಿವೆ. ಮಾಳದ ಕೆಳಗೆ ಸರ್ಜೇರಾವ್ ಗುಂಜಾಳನ ಮೆಕ್ಕೆಜೋಳದ ಹೊಲ. ಊರವರು ಅವನನ್ನು ಅಣ್ಣಾ ಅನ್ನುತ್ತಾರೆ. ಆ ಹೊಲದಲ್ಲಿ ಕಳೆ ಕೀಳುವವರು ನಾವು, ತೆನೆ ಮುರಿಯುವವರು ನಾವು. ಅಲ್ಲಿ ಏನಾದರೂ ಕಳವಾದರೆ ಒದೆ ತಿನ್ನುವವರೂ ನಾವೇ. ಕೂಲಿ ಕೊಡುವಾಗ ನಮ್ಮ ಹೆಸರು ಮರೆಯುವ ಅಣ್ಣಾನಿಗೆ ಕಳವಿನ ದಿನ ಮಾತ್ರ ಒಬ್ಬೊಬ್ಬರ ಹೆಸರೂ ನೆನಪಿಗೆ ಬರುತ್ತದೆ.

ಹೊಲದಲ್ಲಿ ಕೆಲಸ ಇಲ್ಲದ ದಿನ ಗಂಡ ಹೆಂಡತಿ ಕೌಜುಗಕ್ಕೆ ಉರುಳು ಹಾಕುತ್ತಿದ್ದರು. ಬೆಳಕು ಹರಿಯುವ ಹೊತ್ತಿಗೆ ಹಕ್ಕಿ ಬೇಲಿ ಬಿಟ್ಟು ಮಾಳಕ್ಕೆ ಬರುತ್ತದೆ. ಒಬ್ಬರು ಆ ಕಡೆಯಿಂದ ಸದ್ದಿಲ್ಲದೆ ಅಟ್ಟಬೇಕು, ಇನ್ನೊಬ್ಬರು ಈ ಕಡೆ ಉರುಳು ಕಾಯಬೇಕು. ಅಟ್ಟುವವಳು ಶೇವಂತಾ, ಕಾಯುವವನು ಗುಲಚಂದ. ಹಿಡಿದ ಹಕ್ಕಿಯನ್ನು ಹೆದ್ದಾರಿಯ ಧಾಬಾದವನು ಕೊಳ್ಳುತ್ತಾನೆ. ಧಾಬಾದಲ್ಲಿ ಕೂತು ಅದನ್ನು ತಿನ್ನುವವರು ಯಾರು ಯಾರು ಎಂದು ನಾನು ಹೇಳಲು ಹೋಗುವುದಿಲ್ಲ. ಅವರಲ್ಲಿ ಖಾಕಿ ಬಟ್ಟೆಯವರೂ ಇರುತ್ತಾರೆ.

ಅವತ್ತು ಉರುಳಿಗೆ ಮೂರು ಹಕ್ಕಿ ಬಿದ್ದಿದ್ದವು. ಗುಲಚಂದ ಹೊಟ್ಟೆಯ ಮೇಲೆ ತೆವಳುತ್ತ ಬೇಲಿಯ ಹತ್ತಿರ ಹೋದ. ಬೇಲಿಯ ಬುಡದಲ್ಲಿ, ಹುಲ್ಲಿನ ಮರೆಯಲ್ಲಿ, ಬರಿಯ ತಂತಿ ಎಳೆದಿದ್ದರು. ಹಿಂದಿನ ದಿನ ಅದು ಇರಲಿಲ್ಲ. ಕಂಬದ ಮೇಲಿನ ಲೈನಿಗೆ ಕೊಕ್ಕೆ ಹಾಕಿ ಕರೆಂಟು ಇಳಿಸಿದ್ದರು, ಕಾಡುಹಂದಿಗೆ ಅಂತ. ಶೇವಂತಾ ಕೇಳಿದ್ದು ಒಂದೇ ಸದ್ದು. ಅವನ ಹಿಮ್ಮಡಿ ನೆಲಕ್ಕೆ ಬಡಿಯುವ ಸದ್ದು. ಅವಳು ಓಡಿಬಂದು ಬಿದ್ದ ಜಾಲಿಯ ಕೊಂಬೆಯಿಂದ ತಂತಿಗೆ ಹೊಡೆದಳು. ಕೊಂಬೆ ಇಬ್ಬನಿಗೆ ತೊಯ್ದಿತ್ತು. ಅವಳೂ ಹಿಂದಕ್ಕೆ ಬಿದ್ದಳು. ಎದ್ದು ಮತ್ತೆ ಹೊಡೆದಳು. ಕೈಯ ಚರ್ಮ ಸುಲಿದು ಬಂತು. ತಂತಿ ಬಿಟ್ಟಿತು. ಅಷ್ಟರಲ್ಲಿ ಜೀವವೂ ಬಿಟ್ಟಿತ್ತು.

ಅವಳ ಕೂಗು ಕೇಳಿ ನಾವೆಲ್ಲ ಓಡಿದೆವು. ನಾವು ಹೋಗುವಾಗ ಗುಂಜಾಳನ ಆಳು ತುಕಾರಾಮ ಕಂಬದ ಕೊಕ್ಕೆ ತೆಗೆದು ತಂತಿಯನ್ನು ಮೊಣಕೈಗೆ ಸುತ್ತುತ್ತಿದ್ದ. ನನ್ನ ತಮ್ಮನ ಹೆಣ ಅವನ ಕಾಲಬುಡದಲ್ಲಿತ್ತು. ಅವನು ಅದನ್ನು ದಾಟಿಕೊಂಡು ಸುತ್ತುತ್ತಿದ್ದ.

"ಬಿಡೋ ಅದನ್ನ! ಅದ ಕೊಂದದ್ದು!" ಅಂತ ಶೇವಂತಾ ಅವನ ಅಂಗಿ ಹಿಡಿದಳು.

"ಹಂದಿಗಿ ಹಾಕಿದ್ದ, ಬಾಯಿ. ಮನಶ್ಯಾರಿಗಿ ಹಾಕಿದ್ದಲ್ಲ," ಅಂದು ಕೊಸರಿಕೊಂಡು ಹೋದ. ಹಾಗೆ ಹೋದವನು ಇಲ್ಲಿಯವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ.

ಪೇಟೆಯಿಂದ ಪೊಲೀಸರು ಬಂದರು. ಮುಂದೆ ಖರಾತ ಜಮಾದಾರ. ಅವನಿಗೆ ನಮ್ಮ ಬಿಡಾರ ಹೊಸದಲ್ಲ, ಯಾವ ಗುಡಾರದಲ್ಲಿ ಯಾರು ಮಲಗುತ್ತಾರೆ ಎಂಬುದೂ ಗೊತ್ತು. ಹೆಣದ ಮುಖದ ಮೇಲಿನ ಬಟ್ಟೆ ಸರಿಸಿ ನೋಡಿದ. ನಾವು ಹೆಸರು ಹೇಳುವ ಮೊದಲೇ ಅವನಿಗೆ ಗುರುತು ಸಿಕ್ಕಿತು. ಆಮೇಲೆ ಅವನ ಕಣ್ಣು ಉರುಳುಗಳ ಮೇಲೆ ಬಿತ್ತು. ಹಕ್ಕಿಗಳು ಇನ್ನೂ ರೆಕ್ಕೆ ಬಡಿಯುತ್ತಿದ್ದವು.

"ಏ ಬಾಯಿ, ಈ ಉರುಳ ಯಾರವು?"

ಗಂಡನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಶೇವಂತಾ ತಲೆ ಎತ್ತಿದಳು. "ನಮ್ಮವು," ಅಂದಳು.

"ಹಕ್ಕಿ?"

"ನಮ್ಮ ಉರುಳಿಗಿ ಬಿದ್ದಾವು. ನಮ್ಮವ."

ಬೇರೆ ಯಾವ ಜಾತಿಯವರಿದ್ದರೂ ಗೊತ್ತಿಲ್ಲ ಅನ್ನುತ್ತಿದ್ದರು. ಯಾರೋ ಹಾಕಿ ಹೋಗಿದ್ದಾರೆ ಅನ್ನುತ್ತಿದ್ದರು. ಅಷ್ಟಕ್ಕೆ ಅವರ ಮೇಲೆ ಕೇಸು ನಿಲ್ಲುತ್ತಿರಲಿಲ್ಲ. ನಮ್ಮಲ್ಲಿ ಆ ಮಾತು ಬಾಯಿಗೆ ಬರುವುದಿಲ್ಲ. ಉರುಳು ದೇವಿಯ ಗಂಟಿನಲ್ಲಿ ದೇವಿಯ ಜೊತೆಗೇ ಇರುತ್ತದೆ. ಯಾರ ಉರುಳಿಗೆ ಜೀವ ಬಿತ್ತೋ ಆ ಜೀವದ ಭಾರ ಅವರದು. ಕೇಳಿದಾಗ ನನ್ನದಲ್ಲ ಅಂದವರು ಮತ್ತೆ ಉರುಳು ಮುಟ್ಟುವಂತಿಲ್ಲ. ನಾನು ಚಿಕ್ಕವಳಿದ್ದಾಗ ನಮ್ಮ ಆಯಿಯ, ಅಂದರೆ ಅವ್ವನ, ಉರುಳಿಗೆ ಊರಿನ ಯಾರದೋ ಆಡಿನ ಮರಿ ಬಿದ್ದು ಸತ್ತಿತ್ತು. ಆಯಿ ಅದನ್ನು ಹೆಗಲ ಮೇಲೆ ಹಾಕಿಕೊಂಡು ಊರೊಳಗೆ ಹೋಗಿ, ಮನೆ ಕೇಳಿಕೊಂಡು ಹೋಗಿ, ನನ್ನ ಉರುಳಿಗೆ ಸತ್ತಿತು ಅಂದಳು. ಕಪಾಳಕ್ಕೆ ಹೊಡೆಸಿಕೊಂಡು ಬಂದಳು. ಬಂದವಳೇ ಭಾಕರಿ ಮುರಿದುಕೊಂಡು ತಿಂದಳು. ಅದರಲ್ಲಿ ಅವಳಿಗೆ ದೊಡ್ಡದೇನೂ ಕಾಣಲಿಲ್ಲ. ಇಂಥವರಿಗೆ ಈ ದೇಶದಲ್ಲಿ ಹುಟ್ಟಾ ಕಳ್ಳರು ಅಂತ ಹೆಸರು.

ಜಮಾದಾರ ಕಿಸೆಯಿಂದ ಫೋನು ತೆಗೆದು ಅರಣ್ಯದವರಿಗೆ ಹೇಳಿದ. ಅವರು ಜೀಪಿನಲ್ಲಿ ಬಂದರು. ಉರುಳು ಎಣಿಸಿದರು, ಉದ್ದ ಅಳೆದರು, ಫೋಟೋ ಹೊಡೆದರು. ಹಕ್ಕಿಗಳನ್ನು ಒಂದೊಂದಾಗಿ ತೂಗಿದರು. ನೆರಳಿನಲ್ಲಿ ಬುಟ್ಟಿ ಇಟ್ಟು ಹಕ್ಕಿಗೆ ನೀರು ಕುಡಿಸಿದರು. ನಾನು ನೋಡುತ್ತ ನಿಂತೆ. ನನ್ನ ತಮ್ಮ ಬಿಸಿಲಿನಲ್ಲಿ ಬಿದ್ದಿದ್ದ. ಮೊಣಕಾಲ ಕೆಳಗೆ ತಂತಿ ಸುಟ್ಟ ಗೆರೆ ಕರ್ರಗೆ ಕಾಣುತ್ತಿತ್ತು. ಅದನ್ನು ಯಾರೂ ಅಳೆಯಲಿಲ್ಲ. ನೊಣ ಓಡಿಸುವ ಕೆಲಸ ಆಯಿ ಮಾಡುತ್ತಿದ್ದಳು.

"ಸಾಹೇಬ್ರ, ತಂತಿ ಒಯ್ದಾರ ನೋಡ್ರಿ. ತುಕಾರಾಮ ಸುತಿಗೊಂಡ ಹೋದ. ಅದನ್ನ ಹಿಡೀರಿ," ಅಂದೆ.

"ಯಾವ ತಂತಿ?" ಅಂದ ಜಮಾದಾರ. ಬೇಲಿಯ ಕಡೆ ಕೈ ಮಾಡಿ, "ಎಲ್ಲೈತಿ ತೋರಸು," ಅಂದ.

ಎಲ್ಲಿಂದ ತೋರಿಸಲಿ? ಗೂಟಗಳ ತೂತು ಮಾತ್ರ ಉಳಿದಿದ್ದವು. ತೂತು ತೋರಿಸಿದೆ. ಅವನು ಬೂಟಿನಿಂದ ಅದರ ಮೇಲೆ ಮಣ್ಣು ಎಳೆದ.

ಹೆಣವನ್ನು ಟ್ರ್ಯಾಕ್ಟರಿನಲ್ಲಿ ಸರಕಾರಿ ದವಾಖಾನೆಗೆ ಕಳಿಸಿದರು. ಶೇವಂತಾಳನ್ನು ಜೀಪಿಗೆ ಹಾಕಿದರು. ಹಕ್ಕಿಗಳು ಮುಂದಿನ ಸೀಟಿನಲ್ಲಿ ಹೋದವು. ಅವಳು ಗಂಡನ ಕೈ ಬಿಡದೆ ಹಿಡಿದುಕೊಂಡವಳ ಹಾಗೆ ಅವನ ಟವೆಲ್ಲನ್ನು ಹಿಡಿದುಕೊಂಡೇ ಹತ್ತಿದಳು. ಮಹಿಳಾ ಪೊಲೀಸು ಅದನ್ನೂ ಕಸಿದು ಕೆಳಗೆ ಎಸೆದಳು.

ನಾನು ಹಿಂದೆ ನಡೆದುಕೊಂಡು ಠಾಣೆಗೆ ಹೋದೆ. ಹೋಗುವ ಹೊತ್ತಿಗೆ ಗುಂಜಾಳ ಅಣ್ಣಾನ ಗಾಡಿ ಬಾಗಿಲಲ್ಲೇ ನಿಂತಿತ್ತು. ಅವನು ಒಳಗೆ ಕುರ್ಚಿಯ ಮೇಲೆ ಕೂತಿದ್ದ, ಬಿಳಿ ಬಟ್ಟೆಯಲ್ಲಿ. ನನ್ನನ್ನು ನೋಡಿ ಕೆಟ್ಟ ಮುಖ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

"ಬಾ ವೈಜಂತೆ. ಆಗಬಾರದಿತ್ತು, ಆತು. ಗುಲಚಂದ ನನ್ನ ಹೊಲದಾಗಿನ ಆಳು. ನನಗ ದುಃಖ ಇಲ್ಲೇನು?"

"ತಂತಿ ನಿಮ್ಮದ ಅಲ್ಲೇನ್ರಿ, ಅಣ್ಣಾ?"

ಅವನು ಜಮಾದಾರನ ಕಡೆ ನೋಡಿದ. ಜಮಾದಾರ ನನ್ನ ಕಡೆ ನೋಡಿದ. ಅಣ್ಣಾ ಚಹಾದ ಕಪ್ಪು ಕೆಳಗಿಟ್ಟು, "ಬರ್ತೀನಿ," ಅಂತ ಎದ್ದು ಹೋದ. ಹೋಗುವಾಗ ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಒಬ್ಬ ಪೇದೆ ಕೈಗೆ ಆಸರೆ ಕೊಟ್ಟ.

ಕಿಟಕಿಯ ಆಚೆ ಲಾಕಪ್ಪು. ಶೇವಂತಾ ಗೋಡೆಗೆ ಆತು ಕೂತಿದ್ದಳು. ಸುಟ್ಟ ಕೈಯನ್ನು ಮಡಿಲಲ್ಲಿ ಅಂಗಾತ ಇಟ್ಟುಕೊಂಡಿದ್ದಳು. ಅದಕ್ಕೆ ಯಾರೂ ಔಷಧ ಹಚ್ಚಿರಲಿಲ್ಲ.

"ಜಮಾದಾರ ಸಾಹೇಬ್ರ, ನನಗ ಒಂದ ತಿಳಿಸ್ರಿ," ಅಂದೆ. "ಹಕ್ಕಿ ಹಿಡದಾಕಿ ಒಳಗ. ಮನಶ್ಯಾನ್ನ ಕೊಂದಾವ ಹೊರಗ. ಇದೆಂಥಾ ಕಾಯ್ದೆ?"

ಅವತ್ತು ಅವನಿಗೆ ಕಲಿಸುವ ಹುಮ್ಮಸ್ಸು ಬಂದಿತ್ತೋ ಏನೋ. "ಕೊಂದ ಅನಬ್ಯಾಡ, ನಾಲಿಗಿ ಬಿಗಿ ಹಿಡಿ," ಅಂದ. "ಕೊಲಿ ಅಂದ್ರ ಬ್ಯಾರೆ. ಕೊಲ್ಲಬೇಕಂತ ಮನಸಿನಾಗ ಇರಬೇಕು. ಮನಸಿನಾಗ ಇಲ್ಲದ, ಬೇಫಿಕೀರಲೆ ಸತ್ರ ಅದಕ್ಕ ಬ್ಯಾರೆ ಕಲಂ. ಅದಕ್ಕ ಠಾಣೇದಾಗ ಜಾಮೀನ ಸಿಗತೈತಿ. ಇದು ಅದೂ ಅಲ್ಲ. ಇದು ಅಕಸ್ಮಾತ್ ಸಾವು. ಇದರಾಗ ಆರೋಪೀನ ಇರೂದಿಲ್ಲ."

"ಮತ್ತ ಹಕ್ಕಿ?"

"ಹಕ್ಕಿ ಸರಕಾರದ್ದು. ಹಿಡದರ ಮೂರು ವರ್ಷ."

"ಗುಲಚಂದ ಯಾರವ?"

ಜಮಾದಾರ ಸ್ವಲ್ಪ ಯೋಚನೆ ಮಾಡಿದ. ಚೇಷ್ಟೆ ಮಾಡುತ್ತಿದ್ದಾನೆ ಅನ್ನಿಸಲಿಲ್ಲ. "ಮನಶ್ಯಾ ಸರಕಾರದವ ಅಲ್ಲ," ಅಂದ.

"ಕಂಬಕ್ಕ ಕೊಕ್ಕಿ ಹಾಕಿ ಕರೆಂಟ್ ಕದ್ದದ್ದು?"

"ಅದು ಕರೆಂಟಿನ ಆಫೀಸಿನವರು ನೋಡ್ಕೋತಾರ. ದಂಡ ತುಂಬಿದ್ರ ಮುಗೀತು. ಅದಕ್ಕ ಕಳವು ಅನ್ನೂದಿಲ್ಲ."

"ನಾವು ಒಂದ ತೆನಿ ಮುರಕೊಂಡ್ರ?"

"ಅದು ಕಳವು," ಅಂದ. ಅದಕ್ಕೆ ಯೋಚನೆ ಮಾಡಲಿಲ್ಲ.

ನೋಡಿ, ಸರಕಾರ ಎಷ್ಟು ತಿಳಿದು ಬರೆದಿದೆ. ನಾವು ಮಾಡಿದ್ದಕ್ಕೆಲ್ಲ ಮನಸ್ಸು ಇರುತ್ತದೆ. ಅವರು ಮಾಡಿದ್ದೆಲ್ಲ ಕೈತಪ್ಪಿ ಆಗುತ್ತದೆ. ನಮ್ಮದು ಕಳವು, ಅವರದು ಬಾಕಿ. ಇದನ್ನು ಹೇಳುವುದಕ್ಕೂ ಜಾಗ ಇಲ್ಲ. ಹೇಳಿದರೆ ಸರಕಾರಿ ಕೆಲಸಕ್ಕೆ ಅಡ್ಡಿ, ಅದಕ್ಕೂ ಕಲಂ ಇದೆ.

ಶೇವಂತಾ ಕಂಡು ಹೇಳಿದ್ದನ್ನು ಬರೆದುಕೊಳ್ಳಿ ಅಂತ ಕೇಳಿದೆ. ತಂತಿ ಇತ್ತು, ತುಕಾರಾಮ ಸುತ್ತಿದ, ಹಂದಿಗೆ ಹಾಕಿದ್ದು ಅಂತ ಅವನೇ ಹೇಳಿದ, ನಾವೂ ಕೇಳಿದ್ದೇವೆ. ಇಷ್ಟನ್ನು ಬರೆದುಕೊಳ್ಳಿ. ಜಮಾದಾರ ಇನ್ನೊಂದು ಕಾಗದ ತೋರಿಸಿದ. ಅದರಲ್ಲಿ ಆಗಲೇ ಬರೆದಿತ್ತು. ನನಗೆ ಆಶ್ರಮಶಾಲೆಯಲ್ಲಿ ಕಲಿತ ಓದು ಬರುತ್ತದೆ. ಗುಲಚಂದ ಕಾಳೆ ಎಂಬವನು ಗುಂಜಾಳರ ಬಾವಿಯ ಮೋಟರಿನ ಕೇಬಲ್ಲು ಕದಿಯಲು ಹೋಗಿ, ಕಂಬದ ತಂತಿ ತಾಗಿ ಸತ್ತನು. ಕೆಳಗೆ ಶೇವಂತಾಳ ಹೆಬ್ಬೆಟ್ಟಿಗೆ ಜಾಗ ಬಿಟ್ಟಿದ್ದರು.

"ಒತ್ತಿದ್ರ ಅಣ್ಣಾ ಅರಣ್ಯದವರ ಕೂಡ ಮಾತಾಡ್ತಾನ. ಹಕ್ಕಿ ಕೇಸ ಸಡಲ ಬಿಡ್ತಾರ. ನಾಳೀನ ಹೊರಗ ಬರ್ತಾಳ, ಗಂಡಗ ಮಣ್ಣ ಕೊಡ್ತಾಳ. ಹೇಳ ಆಕೀಗಿ," ಅಂದ.

ಕದಿಯಲು ಹೋಗಿ. ಈ ಎರಡು ಶಬ್ದ ಗುಲಚಂದನ ಬಾಯಿಂದ ತೆಗೆಯಲು ಇದೇ ಠಾಣೆಯವರು ಎಷ್ಟು ಬೆವರು ಸುರಿಸಿದ್ದರು! ಯಾರ ಸೈಕಲ್ಲು ಹೋದರೂ ಗುಲಚಂದ. ಯಾರ ಕೋಳಿ ಹೋದರೂ ಗುಲಚಂದ. ಇದೇ ಗುಂಜಾಳನ ಮೋಟರು ಒಮ್ಮೆ ಕಳವಾಗಿತ್ತು. ತಮ್ಮನನ್ನು ಎತ್ತಿಕೊಂಡು ಬಂದರು. ಬೆಂಚಿನ ಮೇಲೆ ಬೋರಲು ಮಲಗಿಸಿ, ಒಬ್ಬ ಬೆನ್ನ ಮೇಲೆ ಕೂತು, ಇನ್ನೊಬ್ಬ ಅಂಗಾಲಿಗೆ ಬೆಲ್ಟಿನಿಂದ ಹೊಡೆದ. ಉಗುರು ಕಿತ್ತು ಬಂದವು. ಉಚ್ಚೆ ಹೊಯ್ದುಕೊಂಡ, ಅದನ್ನು ಅವನ ಅಂಗಿಯಿಂದಲೇ ಒರೆಸಿಸಿದರು. ಬಿಟ್ಟಾಗ ಮೊಣಕಾಲ ಮೇಲೆ ತೆವಳಿಕೊಂಡು ಮಾಳ ಹತ್ತಿದ. ಗುಡಾರದ ಬಾಗಿಲಲ್ಲಿ ಬಿದ್ದು ಹೇಳಿದ ಮೊದಲ ಮಾತು, "ಆಯಿ, ನಾ ಹೂಂ ಅನ್ನಲಿಲ್ಲ." ಮೋಟರು ಆಮೇಲೆ ಅಣ್ಣಾನ ಸೋದರಳಿಯನ ದನದ ಕೊಟ್ಟಿಗೆಯಲ್ಲಿ ಸಿಕ್ಕಿತು. ಅದು ಮನೆಯ ಜಗಳ ಅಂತ ಮುಗಿಸಿದರು. ಗುಲಚಂದನ ಹತ್ತಿರ ಯಾರೂ ಬಂದು ತಪ್ಪಾಯಿತು ಅನ್ನಲಿಲ್ಲ. ಅವನು ಕಾಯಲೂ ಇಲ್ಲ, ಕಾಲು ವಾಸಿಯಾದ ಕೂಡಲೇ ಅದೇ ಹೊಲಕ್ಕೆ ಕಳೆ ಕೀಳಲು ಹೋದ.

ಆ ಕಾಗದವನ್ನು ನಾನು ಶೇವಂತಾಳಿಗೆ ಕಿಟಕಿಯಿಂದ ಓದಿ ಹೇಳಿದೆ. ಅವಳು ಹೆಬ್ಬೆರಳನ್ನು ಮಡಚಿ ಮುಷ್ಟಿಯೊಳಗೆ ಇಟ್ಟುಕೊಂಡಳು. ಸುಟ್ಟ ಕೈ ಅದು, ಮಡಚಿದಾಗ ನೋವಿಗೆ ಅವಳ ಮುಖ ಹಿಂಡಿಹೋಯಿತು.

ಮರುದಿನ ಬೆಳಿಗ್ಗೆ ಧುಳ್ಯಾ ಬಾಬಾ ಬಂದ. ಬಾಬಾ ನಮ್ಮ ಜಾತಿಯ ಪಂಚ. ಹಳದಿ ಪೇಟಾ, ಕೈಯಲ್ಲಿ ಬೆತ್ತ. ಅಣ್ಣಾನ ಗಾಡಿಯಲ್ಲೇ ಬಂದಿಳಿದ. ಲಾಕಪ್ಪಿನ ಸರಳಿನ ಮುಂದೆ ಕುಕ್ಕರಗಾಲಲ್ಲಿ ಕೂತ.

"ಶೇವಂತೆ, ಶಾಣ್ಯಾಕಿ ಇದ್ದಿ ನೀ. ಹೆಬ್ಬಟ್ಟ ಒತ್ತು ಮಗಳ. ಸತ್ತಾವ ಹೋದ. ಇದ್ದವರು ಇಲ್ಲೇ ಇರಬೇಕು. ಅಣ್ಣಾನ ಹೊಲ ಬಿಟ್ರ ನಮ್ಮ ಬಿಡಾರಕ್ಕ ಕೂಲಿ ಎಲ್ಲೈತಿ?"

ಶೇವಂತಾ ಹೆಬ್ಬೆರಳು ಮಡಚಿದ ಮುಷ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

"ಮತ್ತ ರಾತ್ರಿ ಲಾಕಪ್ಪಿನಾಗ ಕಳದಿ. ಅದರ ಅರ್ಥ ಗೊತ್ತೈತೆಲ್ಲ? ಒತ್ತಿದ್ರ ನಾನ ಮುಂದ ನಿಂತು ಶುದ್ಧಿ ಮಾಡಸ್ತೀನಿ. ಇಲ್ಲಂದ್ರ ನೀನೂ ಜಾತಿ ಹೊರಗ, ನಿನ್ನ ಕೈಯಾಂದು ನೀರ ಕುಡದಾವರೂ ಹೊರಗ."

ಹೌದು, ನಮ್ಮಲ್ಲಿ ಅದೂ ಒಂದು ಕಾಯ್ದೆ. ಲಾಕಪ್ಪಿನಲ್ಲಿ ರಾತ್ರಿ ಕಳೆದ ಗಂಡಸು ಮನೆಗೆ ಬಂದು ಉಣ್ಣುತ್ತಾನೆ. ಹೆಂಗಸು ಬಂದರೆ ಅವಳು ಮುಟ್ಟಿದ ಗಡಿಗೆ ಒಡೆಯುತ್ತಾರೆ. ಒಳಗೆ ಹಾಕಿದವನಿಗೆ ಏನೂ ಇಲ್ಲ. ಒಳಗೆ ಬಿದ್ದವಳಿಗೆ ಎಲ್ಲ. ಬರೆದ ಕಾಯ್ದೆ, ಬರೆಯದ ಕಾಯ್ದೆ, ಎರಡೂ ಒಂದೇ ಹೆಂಗಸನ್ನು ಹುಡುಕಿಕೊಂಡು ಬರುತ್ತವೆ.

"ಬಾಬಾ," ಅಂದಳು ಶೇವಂತಾ. "ಅವನ ಅಂಗಾಲ ನೋಡೀರೇನು ನೀವು?"

"ಈಗ ಅದ್ಯಾಕ ಬೇ?"

"ಬೆಲ್ಟಲೆ ಹೊಡದಾಗ ಅವ ಹೂಂ ಅನ್ನಲಿಲ್ಲ. ಉಗರ ಕಿತ್ತಾಗ ಅನ್ನಲಿಲ್ಲ. ಈಗ ಸತ್ತಾನ, ಇಲ್ಲ ಅನ್ನಾಕ ಬಾಯಿಲ್ಲ. ನನ್ನ ಬಾಯಿಲೆ ಅವಗ ಕಳ್ಳ ಅನಸ್ತೀರಿ?"

"ಬರೇ ಒಂದ ಹೆಬ್ಬಟ್ಟು..."

"ನೀವ ಒತ್ರಿ. ನಿಮಗೂ ಐತೆಲ್ಲ ಹೆಬ್ಬಟ್ಟು."

ಧುಳ್ಯಾ ಬಾಬಾ ನೆಲಕ್ಕೆ ಬೆತ್ತ ಕುಟ್ಟಿದ. ಶೇವಂತಾ ನನ್ನ ಕಡೆ ತಿರುಗಿ, "ಅಕ್ಕಾ, ನೀರ ಐತೇನು?" ಅಂದಳು. ನನ್ನ ಹತ್ತಿರ ಬಾಟಲಿ ಇತ್ತು. ಸರಳಿನೊಳಗೆ ಕೊಟ್ಟೆ. ಬಾಯಿ ಹಚ್ಚಿ ಗಟಗಟ ಕುಡಿದಳು. ಅರ್ಧ ಉಳಿಸಿ ವಾಪಸು ಕೊಟ್ಟಳು. ಬಾಬಾ ನನ್ನನ್ನೇ ನೋಡುತ್ತಿದ್ದ. ನನಗೆ ಬಾಯಾರಿಕೆ ಇರಲಿಲ್ಲ. ಆದರೂ ಅವನ ಮುಖ ನೋಡಿಕೊಂಡು ಉಳಿದ ನೀರನ್ನು ಪೂರ್ತಿ ಕುಡಿದೆ, ಬಾಟಲಿಯ ಬಾಯಿ ಒರೆಸದೆ.

"ಹಾಳಾಗಿ ಹೋಗ್ರಿ," ಅಂದು ಬಾಬಾ ಎದ್ದ. ಮೊಣಕಾಲು ಹಿಡಿದುಕೊಂಡಿದ್ದವು, ಏಳಲು ಕಷ್ಟಪಟ್ಟ. ನಾನು ಕೈ ಕೊಡಲಿಲ್ಲ.

ಮಧ್ಯಾಹ್ನ ಕೋರ್ಟು. ಸರಕಾರ ಕೊಟ್ಟ ವಕೀಲ ವರಾಂಡದಲ್ಲಿ ಸಿಕ್ಕ. ಚಿಕ್ಕ ವಯಸ್ಸು, ಒಳ್ಳೆಯ ಮುಖ, ಅವಸರ ಬಹಳ. "ನೋಡ್ರಿ, ಸಾಹೇಬ್ರು ಒಂದ ಕೇಳ್ತಾರ. ಹಿಡದವರ ಬಗ್ಗೆ ತಕರಾರ ಐತೇನು ಅಂತ. ಇಲ್ಲ ಅನ್ರಿ. ಎಲ್ಲಾರೂ ಇಲ್ಲ ಅಂತಾರ. ಐತಿ ಅಂದ್ರ ತಡ ಆಗತೈತಿ," ಅಂದ.

ಅದು ನಿಜ. ಎಲ್ಲರೂ ಇಲ್ಲ ಅನ್ನುತ್ತಾರೆ. ಗುಲಚಂದ ಕೂಡ ಮೋಟರಿನ ಕೇಸಿನಲ್ಲಿ ಊದಿದ ಕಾಲಿನ ಮೇಲೆ ನಿಂತು ಇಲ್ಲ ಅಂದಿದ್ದ. ಹಿಂದೆ ನಿಂತವರು ಯಾರು, ರಾತ್ರಿ ತಿರುಗಿ ಯಾರ ಕೈಗೆ ಹೋಗಬೇಕು ಎಂಬುದು ನಿಂತವನಿಗೆ ಗೊತ್ತಿರುತ್ತದೆ. ಕೇಳುವವರಿಗೂ ಗೊತ್ತಿರುತ್ತದೆ.

ನ್ಯಾಯಾಧೀಶರು ಕಾಗದದಿಂದ ಕಣ್ಣೆತ್ತದೆ ಕೇಳಿದರು. "ತಕರಾರೇನಾದರೂ ಇದೆಯಾ?"

"ಐತ್ರಿ," ಅಂದಳು ಶೇವಂತಾ.

ಟೈಪು ಮಾಡುತ್ತಿದ್ದವನ ಬೆರಳು ನಿಂತಿತು. ವಕೀಲ ಕಣ್ಣು ಮುಚ್ಚಿಕೊಂಡ. ನ್ಯಾಯಾಧೀಶರು ತಲೆ ಎತ್ತಿದರು.

"ಹೊಡೆದರಾ?"

"ಹೊಡದಿಲ್ರಿ."

"ಮತ್ತೇನು?"

"ಬರಕೊಳ್ಳವಲ್ರು. ಹಕ್ಕಿ ನಾವ ಹಿಡದೇವಿ, ಅದನ್ನ ಹೇಳೀನಿ, ಅದನ್ನ ಬರಕೊಂಡ್ರು. ತಂತಿ ನನ್ನ ಗಂಡನ್ನ ಕೊಂದಿತು, ಅದನ್ನೂ ಹೇಳೀನಿ. ಅದನ್ನ ಬರಕೊಳ್ಳವಲ್ರು. ಒಂದ ಬಾಯಿಲೆ ಹೇಳಿದ್ರಾಗ ಒಂದ ಖರೆ, ಒಂದ ಸುಳ್ಳ ಹ್ಯಾಂಗ ಆಗತೈತ್ರಿ?"

ನ್ಯಾಯಾಧೀಶರು ಕೆಟ್ಟವರಲ್ಲ. ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿದರು. ಅವಳ ಕೈ ನೋಡಿ ಔಷಧ ಹಾಕಿಸಲು ಹೇಳಿದರು. ಆಮೇಲೆ ಕಡತ ತಿರುವಿ ಹಾಕಿ, "ನೋಡಮ್ಮ, ಇದು ಹಕ್ಕಿಯ ಕೇಸು. ಆ ವಿಷಯ ಇದರಲ್ಲಿ ಬರುವುದಿಲ್ಲ. ಅದಕ್ಕೆ ಬೇರೆ ಫಿರ್ಯಾದಿ ಬೇಕು. ಠಾಣೆಗೆ ಹೋಗಿ ಕೊಡಿ," ಅಂದರು.

"ಠಾಣೇದಿಂದನ ಬಂದೀನ್ರಿ, ಸಾಹೇಬ್ರ."

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಜಾಮೀನು ಕೊಟ್ಟರು. ಹೌದು, ಕೊಟ್ಟರು. ಆದರೆ ಸ್ವಂತ ಭೂಮಿ ಇದ್ದವರೊಬ್ಬರು ಜಾಮೀನು ನಿಲ್ಲಬೇಕು, ಭೂಮಿಯ ಉತಾರ, ಅಂದರೆ ಪಹಣಿ ಪತ್ರ, ತಂದು ತೋರಿಸಬೇಕು ಅಂದರು. ನಮ್ಮ ಬಿಡಾರದಲ್ಲಿ ಯಾರಿಗೆ ಭೂಮಿ ಇದೆ? ನಿಂತ ಮಾಳವೂ ನಮ್ಮದಲ್ಲ. ನಾನು ಹೊರಗೆ ಬಂದು ನೋಡಿದೆ. ಬೇವಿನ ಮರದ ಕೆಳಗೆ ಅಣ್ಣಾನ ಸೋದರಳಿಯ ನಿಂತಿದ್ದ, ಮೋಟರು ಸಿಕ್ಕಿತ್ತಲ್ಲ, ಅದೇ ಕೊಟ್ಟಿಗೆಯವನು. ಒಂದು ಕೈಯಲ್ಲಿ ಭೂಮಿಯ ಉತಾರ. ಇನ್ನೊಂದು ಕೈಯಲ್ಲಿ ಹೆಬ್ಬೆಟ್ಟಿಗೆ ಜಾಗ ಬಿಟ್ಟ ಆ ಕಾಗದ.

"ಏನ ಮಾಡ್ತಿ ವೈಜಂತಕ್ಕಾ? ನಾ ತಯಾರ ಅದೀನಿ," ಅಂದ. ಅವತ್ತಿನವರೆಗೆ ಅವನು ನನ್ನನ್ನು ಅಕ್ಕಾ ಅಂದಿರಲಿಲ್ಲ.

ಶೇವಂತಾಳನ್ನು ವ್ಯಾನಿಗೆ ಹತ್ತಿಸುತ್ತಿದ್ದರು. ನಾನು ಅವಳ ಕಡೆ ನೋಡಿದೆ. ಅವಳು ಅವನ ಎರಡೂ ಕೈ ನೋಡಿದಳು, ಇಲ್ಲ ಅಂತ ತಲೆ ಆಡಿಸಿದಳು. ಕಾಯ್ದೆ ಅವಳನ್ನು ಬಿಟ್ಟಿತ್ತು. ಭೂಮಿ ಇಲ್ಲದ ತಪ್ಪಿಗೆ ಅವಳು ಜೈಲಿಗೆ ಹೋದಳು. ಮೂರು ವರ್ಷದ ಶಿಕ್ಷೆ ಇರುವ ತಪ್ಪು ಹಕ್ಕಿಯದು. ಇದಕ್ಕೆ ಎಷ್ಟು ವರ್ಷ ಎಂದು ಯಾರೂ ಹೇಳಲಿಲ್ಲ.

ವ್ಯಾನಿನ ಜಾಳಿಗೆಯಿಂದ ಕೂಗಿದಳು. "ಅಕ್ಕಾ! ಮಣ್ಣ ಕೊಡಬ್ಯಾಡ್ರಿ! ಬರಕೊಳ್ಳೂತನಕ ಕೊಡಬ್ಯಾಡ್ರಿ! ಮಣ್ಣಾಗ ಹೋದ್ರ ಕಾಲಿನ ಗೆರಿನೂ ಹೋಗತೈತಿ!"

ನಾನು ದವಾಖಾನೆಗೆ ಬಂದೆ. ಹೆಣ ಕೊಯ್ಯುವ ಕೋಣೆ ಹಿಂದುಗಡೆ, ಕಸದ ತೊಟ್ಟಿಯ ಪಕ್ಕ. ಆಯಿ ಬಾಗಿಲಲ್ಲೇ ಕೂತಿದ್ದಳು. ಕೊಯ್ದು, ಹೊಲಿದು, ಬಟ್ಟೆ ಸುತ್ತಿ ಬಾಗಿಲಿಗೆ ತಂದು ಇಟ್ಟಿದ್ದರು. ಒಯ್ಯಿರಿ, ಒಯ್ಯಿರಿ ಅಂತ ಅಲ್ಲಿಯ ಆಳು ಬೆಳಗಿನಿಂದ ಗಂಟಲು ಹರಿದುಕೊಳ್ಳುತ್ತಿದ್ದ. ವಾಸನೆ ಎದ್ದಿತ್ತು. ನನ್ನ ತಮ್ಮನ ವಾಸನೆ ಅದು, ಮೂಗು ಮುಚ್ಚಿಕೊಳ್ಳಲು ಕೈ ಬರಲಿಲ್ಲ. ನಾನು ಆಯಿಗೆ ಶೇವಂತಾ ಹೇಳಿದ್ದನ್ನು ಹೇಳಿದೆ. ಆಯಿ ಒಂದು ಗಳಿಗೆ ಹೆಣದ ಕಡೆ ನೋಡಿದಳು. ಆಮೇಲೆ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

ಬಿಡಾರದ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಬಾಬಾನ ಮಾತು ಕೇಳಿ ಬಾರದವರೂ ಇದ್ದರು. ಬಂದವರು ಬಾಗಿಲಿಗೆ ಅಡ್ಡ ಕೂತರು. ಆಂಬುಲೆನ್ಸು ಒಳಗೆ ಬರಲಾಗದೆ ಹಾರನ್ನು ಹೊಡೆಯಿತು. ದೊಡ್ಡ ಡಾಕ್ಟರು ಠಾಣೆಗೆ ಫೋನು ಮಾಡಿದರು.

ಖರಾತ ಜಮಾದಾರ ಬಂದ. ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಮಾತಾಡಿದ.

"ಏ ವೈಜಂತೆ, ಏನ ನಾಟಕ ಇದು? ಹೆಣ ಎತ್ರಿ."

"ತಂತಿ ಬರಕೊಳ್ರಿ, ಎತ್ತೇವಿ."

"ನಿನಗ ಒಂದ ಮಾತ ಹೇಳ್ತೀನಿ, ಕಿವಿಗೊಟ್ಟ ಕೇಳು. ಹೆಣಕ್ಕ ಅವಮಾನ ಮಾಡೂದು ಗುನ್ಹೆ ಐತಿ. ಅದಕ್ಕೂ ಕಲಂ ಐತಿ. ಸಂಜಿ ಒಳಗ ಒಯ್ಯಲಿಲ್ಲಂದ್ರ ನಿನ್ನ ಮ್ಯಾಲ, ಈ ಮುದಕಿ ಮ್ಯಾಲ, ಎಲ್ಲಾರ ಮ್ಯಾಲ ಹಾಕ್ತೀನಿ."

ನನಗೆ ನಗು ಬಂತು. ತಡೆಯಲು ಆಗಲಿಲ್ಲ. ಗುಲಚಂದ ಬದುಕಿದ್ದಾಗ ಅವನ ಉಚ್ಚೆಯನ್ನು ಅವನ ಅಂಗಿಯಿಂದ ಒರೆಸಿಸಿದ್ದರು. ಅದಕ್ಕೆ ಯಾವ ಕಲಮೂ ಇರಲಿಲ್ಲ. ಹೆಣವಾದ ಮೇಲೆ ಅವನಿಗೂ ಮಾನ ಬಂದಿದೆ. ಅದನ್ನು ಕಾಯಲು ಕಾಯ್ದೆಯೂ ಬಂದಿದೆ, ನಮ್ಮ ಮೇಲೆ.

"ಹಾಕ್ರಿ," ಅಂದೆ. "ಮುಂದ ಯಾಕ? ಈಗ ಕುಂತು ಬರೀರಿ. ನಾನ ಹೇಳ್ತೀನಿ. ವೈಜಂತಾ ಕಾಳೆ ಅನ್ನಾಕಿ ಹೆಣಕ್ಕ ಅವಮಾನ ಮಾಡಿದಳು. ಬರೀರಿ. ಯಾರ ಹೆಣ? ಗುಲಚಂದ ಕಾಳೆದು. ಅದನ್ನೂ ಬರೀರಿ. ಇಲ್ಲಿ ಯಾಕ ಐತಿ? ಸತ್ತಾನ, ಅದಕ್ಕ ಐತಿ. ಹ್ಯಾಂಗ ಸತ್ತ? ಅದನ್ನ ಬರೀದ ನನ್ನ ಗುನ್ಹೆ ಬರಿಯಾಕ ಬರೂದಿಲ್ಲ ಜಮಾದಾರ ಸಾಹೇಬ್ರ. ಕೋರ್ಟಿನಾಗ ನನ್ನ ಕೇಳ್ತಾರ. ಹೆಣ ಯಾಕ ಎತ್ತಲಿಲ್ಲ ಅಂತ ಕೇಳಬೇಕಾಗತೈತಿ. ಅದು ನನ್ನ ಕೇಸ. ಅದರಾಗ ಆ ವಿಷಯ ಬರತೈತಿ."

ಜಮಾದಾರ ಕಿಸೆಯಿಂದ ಪೆನ್ನು ತೆಗೆದಿದ್ದ. ಮುಚ್ಚಳ ಬಿಚ್ಚಿ ನಿಂತ. ನನ್ನನ್ನು ನೋಡಿದ, ಆಯಿಯನ್ನು ನೋಡಿದ. ಬಟ್ಟೆಯಿಂದ ಹೊರಗೆ ಬಂದಿದ್ದ ಗುಲಚಂದನ ಕಾಲನ್ನು ನೋಡಿದ.

"ಬರೀರಿ," ಅಂದಳು ಆಯಿ. "ನಂದೂ ಹಾಕ್ರಿ. ಲಿಂಬಾಬಾಯಿ."

"ನಂದೂ," ಅಂದಳು ಹಿಂದಿನಿಂದ ಒಬ್ಬಳು. ಇನ್ನೊಬ್ಬಳು ಕೇಳುವುದಕ್ಕೆ ಮೊದಲೇ ಹೆಸರು ಹೇಳಿದಳು. ಮತ್ತೊಬ್ಬಳು ಅವನ ಹತ್ತಿರವೇ ಹೋಗಿ ನಿಂತು, ತನ್ನ ಹೆಸರನ್ನು ಬಿಡಿಸಿ ಬಿಡಿಸಿ ಹೇಳಿದಳು.

ಅವನು ಪೆನ್ನಿಗೆ ಮುಚ್ಚಳ ಹಾಕಿದ. ಫೋನು ತೆಗೆದುಕೊಂಡು ಕಸದ ತೊಟ್ಟಿಯ ಆಚೆ ಹೋಗಿ, ಯಾರಿಗೋ ಅಣ್ಣಾ, ಅಣ್ಣಾ ಅಂತ ಹೇಳತೊಡಗಿದ. ಸಂಜೆಯಾಗಿದೆ. ಅವನು ಇನ್ನೂ ಬರೆದಿಲ್ಲ. ನಾವು ಎದ್ದಿಲ್ಲ.